ತೆಳುವಾದರೆ ಯಾರದೂ ಅಲ್ಲವಾ?

ಮಲ್ಲಿಪಟ್ಟಣಕ್ಕೂ ಕಲ್ಲಿದ್ದಲಿಗೂ ಏನು ನಂಟು ಅಂತ ನೀವು ಕೇಳಬಹುದು. ಅರಕಲಗೂಡು ತಾಲ್ಲೂಕಿನ ನಮ್ಮ ಹೋಬಳಿಯಲ್ಲಿ ನೆಲ ಅಗೆದರೆ ಆಲೂಗಡ್ಡೆ ಸಿಗುತ್ತೆ, ಶುಂಠಿ ಸಿಗುತ್ತೆ. ಕಲ್ಲಿದ್ದಲು ಗಣಿ ಇಡೀ ಕರ್ನಾಟಕದಲ್ಲೇ ಒಂದೂ ಇಲ್ಲ. ಆದರೆ ಊರಿನ ಮಿಕ್ಸಿಗೂ ಬೆಂಗಳೂರಿನ ನನ್ನ ಲ್ಯಾಪ್‌ಟಾಪಿಗೂ ಬರುವ ಕರೆಂಟಿನಲ್ಲಿ ರಾಯಚೂರಿನ ಪಾಲಿದೆ. 1985ರಲ್ಲಿ ಶುರುವಾಗಿ 1,720 ಮೆಗಾವ್ಯಾಟ್‌ವರೆಗೆ ಬೆಳೆದ ಆ ಸ್ಥಾವರ ಉರಿಸೋದು ತೆಲಂಗಾಣದ ಸಿಂಗರೇಣಿಯಂಥ ಹೊರಗಿನ ಗಣಿಗಳ ಕಲ್ಲಿದ್ದಲನ್ನು. ನಮ್ಮ ಕೆಪಿಸಿಎಲ್‌ಗೆ ಮಹಾರಾಷ್ಟ್ರದ ಚಂದ್ರಾಪುರ ಜಿಲ್ಲೆಯಲ್ಲಿ ಬರಾಂಜ್ ಅಂತ ಒಂದು ಗಣಿಯೂ ಇದೆ. ಗುಂಡಿ ಅವರ ಊರಲ್ಲಿ, ದೀಪ ನಮ್ಮ ಮನೇಲಿ.

ಕಲ್ಲಿದ್ದಲಿನ ಪದರಗಳಲ್ಲಿ ಮೀಥೇನ್ ಸಿಕ್ಕಿಕೊಂಡಿರುತ್ತೆ. ಗೋಬರ್ ಗ್ಯಾಸಿನ ಒಲೆಯಲ್ಲಿ ಉರಿಯೋದೂ ಅದೇ. ಅಗೆದಾಗ ಅದು ಬಿಡುಗಡೆಯಾಗುತ್ತೆ. ಗಾಳಿಯಲ್ಲಿ 5ರಿಂದ 15% ಇದ್ದರೆ ಒಂದು ಕಿಡಿ ಸಾಕು. ಕಲ್ಲಿದ್ದಲ ಧೂಳೂ ಸೇರಿಕೊಂಡರೆ ಇನ್ನೂ ಘೋರ. 1965ರ ಮೇ 28ರಂದು ಆಗಿನ ಬಿಹಾರದ ಧೋರಿ ಗಣಿಯ ಸ್ಫೋಟದಲ್ಲಿ 268 ಜನ ಸತ್ತರು. ಹಾಗಾಗಿ ನೆಲದಡಿಯ ಗಣಿಗಳಿಗೆ ದೊಡ್ಡ ದೊಡ್ಡ ಫ್ಯಾನು ಹಾಕಿ, ಹೊರಗೆ ಬರುವ ಗಾಳಿಯಲ್ಲಿ ಮೀಥೇನ್ 0.75% ದಾಟಬಾರದು ಅಂತ ನಿಯಮ ಮಾಡಿದ್ದಾರೆ. ಫ್ಯಾನು ಎಷ್ಟು ಜನರ ಜೀವ ಉಳಿಸಿದೆಯೋ ಲೆಕ್ಕವಿಲ್ಲ. ಅದನ್ನು ತಪ್ಪು ಅನ್ನೋಕೆ ನನಗೆ ಬಾಯಿ ಬರಲ್ಲ.

ಆದರೆ ಫ್ಯಾನು ಮಾಡೋದೇನು? ಗಣಿಯೊಳಗಿನ ಕೆಲವರ ತಲೆ ಮೇಲಿದ್ದ ಅಪಾಯವನ್ನು ತೆಗೆದು, ತೆಳ್ಳಗೆ ಮಾಡಿ, ಎಲ್ಲರ ತಲೆ ಮೇಲೆ ಹರಡುತ್ತೆ. 20 ವರ್ಷದ ಲೆಕ್ಕದಲ್ಲಿ ಒಂದು ಟನ್ ಮೀಥೇನ್ ಒಂದು ಟನ್ ಇಂಗಾಲದ ಡೈಆಕ್ಸೈಡ್‌ಗಿಂತ 80 ಪಟ್ಟಿಗೂ ಹೆಚ್ಚು ಬಿಸಿ ಮಾಡುತ್ತೆ. ದಟ್ಟವಾಗಿದ್ದಾಗ ಅದಕ್ಕೆ ಮ್ಯಾನೇಜರ್ ಹೊಣೆ, ಇನ್‌ಸ್ಪೆಕ್ಟರ್ ಹೊಣೆ, ಕೇಸು, ಜೈಲು. ತೆಳ್ಳಗಾದ ಕೂಡಲೇ ಯಾರೂ ಇಲ್ಲ. ನಮ್ಮೂರ ಕಡೆ ಕಸವನ್ನು ಪಕ್ಕದ ಮನೆ ಬಾಗಿಲಿಗೆ ಸುರಿದರೆ ಪಂಚಾಯ್ತಿ ಸೇರುತ್ತೆ, ಕೆರೆಗೆ ಸುರಿದರೆ ಯಾರೂ ತುಟಿ ಬಿಚ್ಚಲ್ಲ. ಅದೇ ನ್ಯಾಯ.

ಹಿಡಿಯೋಕೆ ಆಗಲ್ಲ ಅಂತೇನೂ ಇಲ್ಲ. ಝರಿಯಾದ ಮೂನಿಡಿಹ್ ಗಣಿಯಲ್ಲಿ ವಿಶ್ವಸಂಸ್ಥೆಯ ನೆರವಿನಿಂದ ಗ್ಯಾಸ್ ಹಿಡಿದು ಕರೆಂಟ್ ಮಾಡಿ ತೋರಿಸಿದ್ದಾರೆ. ಚೀನಾದ ಸಿಹೆ ಗಣಿಯಲ್ಲಿ ಅದೇ ಗ್ಯಾಸಿನಿಂದ 120 ಮೆಗಾವ್ಯಾಟ್ ಸ್ಥಾವರ ನಡೆದಿದೆ. ಆಸ್ಟ್ರೇಲಿಯಾದ ವೆಸ್ಟ್ ಕ್ಲಿಫ್‌ನಲ್ಲಿ 2007ರಲ್ಲೇ, ಫ್ಯಾನು ಹೊರಗೆ ತಳ್ಳುವ 1%ಗಿಂತ ಕಮ್ಮಿ ಮೀಥೇನ್ ಇರೋ ಗಾಳಿಯನ್ನೂ ಬಿಸಿ ಮಾಡಿ ಸುಟ್ಟು 6 ಮೆಗಾವ್ಯಾಟ್ ತೆಗೆದರು. ದಟ್ಟ ಗ್ಯಾಸಾದರೆ ಲಾಭವಿದೆ, ಹಿಡೀತಾರೆ. ದೊಡ್ಡಪ್ಪನ ಹಿತ್ತಿಲ ಗೋಬರ್ ಗ್ಯಾಸ್ ಪೈಪಲ್ಲಿ ಸೋರಿಕೆಯಾದರೆ ಅವರು ಸೈಕಲ್ ಟ್ಯೂಬ್ ಸುತ್ತೋದೂ ಅದಕ್ಕೇ. 'ಸೋರಿದ್ರೆ ನನ್ ಕಾಫಿ ಹೋಯ್ತದೆ ಕಣೋ' ಅಂತಾರೆ. ತೆಳು ಗ್ಯಾಸಿನಲ್ಲಿ ಯಾರ ಕಾಫಿಯೂ ಕಾಯಲ್ಲ. ಅಲ್ಲಿಗೆ ಬೇಕಾಗಿರೋದು ಕಾನೂನು, ಇಲ್ಲಾಂದ್ರೆ ನಾಚಿಕೆ.

ಆಫೀಸಿನ ಗೆಳೆಯನೊಬ್ಬನ ವಾದ ಬೇರೆ. ಗ್ಯಾಸ್ ಹಿಡಿದರೆ ಗಣಿಗೆ ಒಳ್ಳೇ ಹೆಸರು ಬರುತ್ತೆ, ಇನ್ನಷ್ಟು ಅಗೀತಾರೆ. ಹಿಡಿಯೋದು ಬೇಡ, ಅಗೆಯೋದನ್ನೇ ನಿಲ್ಲಿಸಿ ಅಂತ. ಅರ್ಧ ಒಪ್ತೀನಿ. ಹಿಡಿದ ಗ್ಯಾಸಿಗೆ ಕಾರ್ಬನ್ ಕ್ರೆಡಿಟ್ ಮಾರೋದನ್ನು ನೋಡಿದರೆ, ತಾನೇ ಒಡೆದ ನಲ್ಲಿಯನ್ನು ಮುಚ್ಚಿದವನಿಗೆ ಶಾಲು ಹೊದಿಸಿದ ಹಾಗೆ ಅನ್ಸುತ್ತೆ. ಅದು ಕರ್ತವ್ಯ, ಪುಣ್ಯವಲ್ಲ. ಆದರೆ ಈ ವರ್ಷ ಅಗೆದ ಕಲ್ಲಿದ್ದಲಿನ ಗ್ಯಾಸು ಸೋಲಾರ್ ಬರಲಿ ಅಂತ ಕಾಯ್ತಾ ಕೂರಲ್ಲ. ಮೀಥೇನ್ ಗಾಳಿಯಲ್ಲಿ ಉಳಿಯೋದು ಸರಾಸರಿ 12 ವರ್ಷ. ಇವತ್ತು ಹಿಡಿದರೆ ಅದರ ಫಲ ನಮ್ಮ ಆಯಸ್ಸಿನಲ್ಲೇ ಕಾಣುತ್ತೆ. ಮುಂದಿನ ಶುದ್ಧ ದಿನಗಳ ಹೆಸರಲ್ಲಿ ಇವತ್ತಿನ ಸೋರಿಕೆ ಬಿಟ್ಟುಕೊಡೋದು ನನಗೆ ಸರಿ ಕಾಣಲ್ಲ.

ಹಾಗಂತ ಹಿಡಿಯೋದನ್ನೇ ನಂಬಿಕೊಳ್ಳೋಕೂ ಆಗಲ್ಲ. ನಮ್ಮ ದೇಶದ 90%ಗೂ ಹೆಚ್ಚು ಕಲ್ಲಿದ್ದಲು ಬರೋದು ಬರಾಂಜ್ ಥರದ ತೆರೆದ ಗಣಿಗಳಿಂದ. ಅಲ್ಲಿ ಟನ್ನಿಗೆ ಹೊರಡೋ ಮೀಥೇನ್ ಕಮ್ಮಿ, ಆದರೆ ಪೈಪು ಜೋಡಿಸೋಕೆ ಒಂದು ಬಾಯಿ ಅಂತ ಇಲ್ಲ. ಅಗೆಯೋ ಮೊದಲೇ ಕೊಳವೆ ಕೊರೆದು ಎಳೆಯಬೇಕು, ಅದೂ ಎಳೆಯುವಷ್ಟು ಗ್ಯಾಸಿದ್ದರೆ. ಮಿಕ್ಕಂತೆ, ಕಮ್ಮಿ ಅಗೆಯೋದೇ ದಾರಿ.

ನಾವು ಲ್ಯಾಪ್‌ಟಾಪಿನವರು ಈ ಲೆಕ್ಕದಲ್ಲಿ ಎಲ್ಲಿದ್ದೀವಿ? ಕಂಪನಿಯ ಇಎಸ್‌ಜಿ ಶೀಟಿನಲ್ಲಿ ಒಂದು ಯೂನಿಟ್ಟಿಗೆ ಸುಮಾರು 0.7 ಕೆ.ಜಿ. ಇಂಗಾಲದ ಡೈಆಕ್ಸೈಡ್ ಅಂತ ಹಾಕ್ತೀವಲ್ಲ, ಕೇಂದ್ರೀಯ ವಿದ್ಯುತ್ ಪ್ರಾಧಿಕಾರ ಕೊಡುವ ಆ ಅಂಕಿ ಚಿಮಣಿಯ ಹೊಗೆಯದ್ದು ಮಾತ್ರ. ಗಣಿಯ ಮೀಥೇನ್ ಸ್ಕೋಪ್ 3ಕ್ಕೆ ಸೇರುತ್ತೆ. ಸೆಬಿಯ ಬಿಆರ್‌ಎಸ್‌ಆರ್ ನಮೂನೆಯಲ್ಲಿ ಸ್ಕೋಪ್ 1 ಮತ್ತು 2 ಕೊಡಲೇಬೇಕಾದ ಲೆಕ್ಕ. ಸ್ಕೋಪ್ 3 ಸ್ವಇಚ್ಛೆಯದ್ದು. ಅಂದರೆ ತೆಳುವಾದದ್ದು ಶೀಟಿನಲ್ಲೂ ತೆಳುವೇ.

ನೆಲದಡಿಯ ಗಣಿ ಮುಚ್ಚಿದ ಮೇಲೂ ವರ್ಷಗಟ್ಟಲೆ ಗ್ಯಾಸ್ ಸೋರುತ್ತೆ, ನೀರು ತುಂಬಿಕೊಂಡರೆ ಬೇಗ ಕಮ್ಮಿಯಾಗುತ್ತೆ. ರಾಯಚೂರಿನ ಬಾಯ್ಲರ್ ಆರಿದ ಮೇಲೆ ಯಾವ ಕರೆಂಟ್ ಬಿಲ್ಲಿನಲ್ಲೂ ಅದಕ್ಕೆ ಸಾಲು ಇರಲ್ಲ. ಅದರ ಖರ್ಚನ್ನು ಈಗಲೇ ಯೂನಿಟ್ಟಿನ ಮೇಲೆ ಹಾಕಬೇಕಾ ಅಂತ ಯಾರಾದರೂ ಕೇಳಿದರೆ, ಹಾಕಿ ಅಂತೀನಿ. ಮಲ್ಲಿಪಟ್ಟಣದ ಎರಡು ಬಲ್ಬಿನ ಮನೆಗಳಿಗಲ್ಲ. ತಿಂಗಳಿಗೆ 200 ಯೂನಿಟ್ ದಾಟಿಸುವ ನನ್ನಂಥವರ ಬಿಲ್ಲಿನಿಂದ ಶುರು ಮಾಡಲಿ.