ಗೂಡಿನ ಮರಿ ಮತ್ತು ಅನ್ನಪಾನನಿರೋಧ



ಅಹಿಂಸಾಣುವ್ರತದ ಐದು ಅತಿಚಾರಗಳನ್ನು ಉಮಾಸ್ವಾಮಿ ಆಚಾರ್ಯರು ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಎಣಿಸಿದ್ದಾರೆ. ಕೊನೆಯದಾದ ಅನ್ನಪಾನನಿರೋಧವನ್ನು ಎತ್ತಿಗೆ ಮೇವು ತಪ್ಪಿಸುವುದೆಂದಷ್ಟೇ ತಿಳಿದು ನಾವು ಮುಂದೆ ಸಾಗುತ್ತೇವೆ. ನಗರವಾಸಿ ಶ್ರಾವಕರಲ್ಲಿ ಎತ್ತು ಸಾಕುವವರು ಈಗ ಎಷ್ಟು ಮಂದಿ?

ಬೆಂಗಳೂರಿನಂತಹ ನಗರಗಳಲ್ಲಿ ಈ ಅತಿಚಾರವು ಬೇರೊಂದು ರೂಪದಲ್ಲಿ ಒದಗುತ್ತದೆ. ಗುಬ್ಬಚ್ಚಿಯು ಸೂರಿನ ಸಂದಿಯಲ್ಲಿ, ಗೋಡೆಯ ಬಿರುಕಿನಲ್ಲಿ ಗೂಡಿಡುತ್ತದೆ. ಮರಿಗಳಿರುವಾಗ ಮನೆ ಕೆಡವಿದರೆ ಅದು ಪ್ರಾಣಘಾತವೇ ಸರಿ. ಕೆಡವದೆ ಆ ಸಂದಿಗೆ ಗಾರೆ ಮೆತ್ತಿದರೂ, ಗವಾಕ್ಷಿಗೆ ಜಾಲರಿ ಬಿಗಿದರೂ ತಾಯಿ ಹೊರಗೆ, ಮರಿ ಒಳಗೆ. ಅಷ್ಟಮಿ, ಚತುರ್ದಶಿಗಳಂದು ನಮ್ಮ ಉಪವಾಸ ನಮ್ಮ ಇಚ್ಛೆಯದು, ಮರುದಿನ ಪಾರಣೆಯೂ ಉಂಟು. ಆ ಮರಿಗೆ ಪಾರಣೆಯಿಲ್ಲ. ಮಾಳಿಗೆಯ ಮೇಲೆ ಕಾಳು ಚೆಲ್ಲಿದ್ದೇವಲ್ಲ ಎನ್ನಬೇಡಿ. ಎಳೆಮರಿಗೆ ತಂದೆತಾಯಿ ತರುವ ಹುಳುವೇ ಮುಖ್ಯ ಆಹಾರ. (ಅದು ತಿರ್ಯಂಚಜೀವಿಯ ಸ್ವಭಾವ, ನಾವು ತಿದ್ದಹೊರಡುವುದು ಬೇಡ.)

ಮನೆ ಕಟ್ಟುವುದು ಗೃಹಸ್ಥನಿಗೆ ಅನಿವಾರ್ಯವಾದ ಆರಂಭೀ ಹಿಂಸೆ ಎಂಬ ಸಮಾಧಾನವು ಇಲ್ಲಿ ಸಲ್ಲದು. ಗೂಡನ್ನು ಕಂಡ ಮೇಲೂ ಕೈಯಿಕ್ಕಿದರೆ ಅನಿವಾರ್ಯತೆ ಎಲ್ಲಿ ಉಳಿಯಿತು? ಗುಬ್ಬಿಯ ಮೊಟ್ಟೆ ಮರಿಯಾಗಲು ಸುಮಾರು ಎರಡು ವಾರ, ಮರಿ ಹಾರಲು ಮತ್ತೆರಡು ವಾರ. ಮುಹೂರ್ತಕ್ಕಾಗಿ ತಿಂಗಳುಗಟ್ಟಲೆ ಕಾಯುವ ನಮಗೆ ಈ ಒಂದು ತಿಂಗಳು ಭಾರವೇ?

ಇಂಗ್ಲೆಂಡಿನ ಬ್ರೈಟನ್ ನಗರಾಡಳಿತವು 5 ಮೀಟರಿಗೂ ಎತ್ತರದ ಹೊಸ ಕಟ್ಟಡಗಳ ಗೋಡೆಯಲ್ಲಿ ಹಕ್ಕಿಗಳಿಗೆಂದು ಪೊಳ್ಳು ಇಟ್ಟಿಗೆಗಳನ್ನು ಇಡಬೇಕೆಂದು 2020ರಲ್ಲಿ ಷರತ್ತು ವಿಧಿಸಿತು. ಅಣುವ್ರತದ ಹೆಸರನ್ನೂ ಅವರು ಕೇಳಿರಲಾರರು. ನಕ್ಷೆ ಬರೆಯಿಸುವ ದಿನವೇ ಸೂರಿನಡಿ ನಾಲ್ಕು ಗೂಡುಗಳಿಗೆ ಎಡೆ ಬಿಡುವಂತೆ ಮೇಸ್ತ್ರಿಗೆ ತಿಳಿಸಿರಿ. ಹಳೆಯ ಗೋಡೆಗೆ ಹಾರೆ ಹಾಕುವ ಮೊದಲು ಸಂದಿಗಳನ್ನೆಲ್ಲ ನೀವೇ ನಿಂತು ನೋಡಿರಿ.