ಗೋಡೆಯಿಲ್ಲದ ಮನೆ

ಶ್ರೀಲಂಕಾದ ದಕ್ಷಿಣ ಕರಾವಳಿಯ ಮಿರಿಸ್ಸಾದಲ್ಲಿ, ಕಡಲಿಗೆ ಎದುರಾದ ಕೆಂಪು ದಿಬ್ಬದ ಮೇಲೆ ಒಂದು ರಜಾಮನೆಯಿದೆ. ವಾಸ್ತುಶಿಲ್ಪಿ ಜೆಫ್ರಿ ಬಾವಾ (1919–2003) 1990ರ ದಶಕದ ಕೊನೆಯಲ್ಲಿ ರೂಪಿಸಿದ್ದು. ಅವರ ಕಡೆಯ ಕೆಲಸಗಳಲ್ಲೊಂದು. ಮೇಲೆ ಕಾಣುವುದು ಇಷ್ಟೇ: ನೆಲಗಟ್ಟು, ತೆಳ್ಳನೆಯ ಕಂಬಗಳು, ಎತ್ತರದಲ್ಲೊಂದು ಮಾಡು. ಗೋಡೆಯಿಲ್ಲ. ಕಡಲಗಾಳಿ ಒಂದು ಕಡೆಯಿಂದ ಬಂದು ಇನ್ನೊಂದು ಕಡೆಯಿಂದ ಹೋಗುತ್ತದೆ. ಮಲಗುವ ಕೋಣೆಗಳು ಮಾತ್ರ ಕೆಳಗೆ, ಮರೆಯಲ್ಲಿವೆ.

ಇದನ್ನು ಮನೆ ಎನ್ನಬಹುದೆ? ಪ್ರಶ್ನೆ ಹಳೆಯದು. ಬೌದ್ಧರ ಪಾಲಿ ಗ್ರಂಥ ಮಜ್ಝಿಮ ನಿಕಾಯದ 28ನೆಯ ಸುತ್ತದಲ್ಲಿ (ಸೂತ್ರದಲ್ಲಿ) ಬುದ್ಧನ ಶಿಷ್ಯ ಸಾರಿಪುತ್ತನು ದೇಹವನ್ನು ಮನೆಗೆ ಹೋಲಿಸುತ್ತಾನೆ. ಮರ, ಬಳ್ಳಿ, ಹುಲ್ಲು, ಮಣ್ಣು ಸುತ್ತುಗಟ್ಟಿದ ಬಯಲಿಗೆ ಮನೆಯೆಂದು ಹೆಸರು. ಎಲುಬು, ಸ್ನಾಯು, ಮಾಂಸ, ಚರ್ಮ ಸುತ್ತುಗಟ್ಟಿದ ಬಯಲಿಗೆ ರೂಪವೆಂದು ಹೆಸರು. ಸುತ್ತುಗಟ್ಟಿದ್ದನ್ನು ಬಿಚ್ಚಿದರೆ ಹೆಸರೂ ಹೋಗುತ್ತದೆ. ಅದ್ವೈತಿ ಗೌಡಪಾದರ ಕಾರಿಕೆಯ ಘಟಾಕಾಶದ ದೃಷ್ಟಾಂತವೂ ಇದರ ಹತ್ತಿರವೇ ಸುಳಿಯುತ್ತದೆ, ಆದರೆ ಅದರ ಗುರಿ ಬೇರೆ: ಗಡಿಗೆ ಒಡೆದರೆ ಒಳಗಿನ ಆಕಾಶ ಹೊರಗಿನದರೊಡನೆ ಒಂದಾಗುತ್ತದೆ, ಎಂದೂ ಎರಡಾಗಿರಲಿಲ್ಲವಾದ್ದರಿಂದ. ಬೌದ್ಧರಿಗೆ ಹೆಸರು ಕಳಚಿದರೆ ಸಾಕು. ಅದ್ವೈತಿಗಳಿಗೆ ಕಳಚಿದ ಮೇಲೆ ಉಳಿದದ್ದೇನು ಎಂಬುದು ಮುಖ್ಯ.

ಬಾವಾ ತೆಗೆದದ್ದು ಗೋಡೆಯನ್ನು. ಧಮ್ಮಪದದ 154ನೆಯ ಗಾಥೆಯಲ್ಲಿ ಬುದ್ಧ ಮುರಿಯುವುದು ಅದನ್ನಲ್ಲ. ಮನೆ ಕಟ್ಟುವ ತೃಷ್ಣೆ ಎದುರಿಗೆ ಸಿಕ್ಕಿಬಿದ್ದಾಗ ಅಲ್ಲಿ ಮುರಿದುಬೀಳುವುದು ಪಕ್ಕಾಸುಗಳು ಮತ್ತು ನೆತ್ತಿಯ ತೊಲೆ, ಅಂದರೆ ಮಾಡು. ಮಿರಿಸ್ಸಾದಲ್ಲಿ ಉಳಿಸಿಕೊಂಡದ್ದೂ ಅದೇ ಮಾಡು. ಹೀಗಾಗಿ ಇಂಥ ಮನೆಗಳನ್ನು ವೈರಾಗ್ಯದ ವಾಸ್ತುವೆಂದು ಹೊಗಳುವವರ ಮಾತು ಸ್ವಲ್ಪ ಹೆಚ್ಚಾಯಿತು. ಬಿಸಿಲೂ ಮಳೆಯೂ ಜೋರಾದ ನಾಡಿನಲ್ಲಿ ಗೋಡೆಯಿಲ್ಲದೆ ಇರಬಹುದು, ಸೂರಿಲ್ಲದೆ ಇರಲಾಗದು. ಇದು ಹವೆಯ ಲೆಕ್ಕ.

ಮನೆ ಬಿಟ್ಟ ಭಿಕ್ಷುಗಳಿಗೂ ಆ ಲೆಕ್ಕ ತಪ್ಪಲಿಲ್ಲ. ಮಳೆಗಾಲದ ಮೂರು ತಿಂಗಳು ಒಂದೆಡೆ, ಸೂರಿನಡಿ ನಿಲ್ಲಬೇಕೆಂಬುದು ವಿನಯದ, ಅಂದರೆ ಸಂಘದ ನಿಯಮಗಳ, ಕಟ್ಟಳೆ. ಶ್ರೀಲಂಕಾದ ಮಿಹಿಂತಲೆಯಂಥ ಕಡೆ ಅವರು ತಂಗುತ್ತಿದ್ದ ಗುಹೆಗಳ ಹಣೆಯಲ್ಲಿ ಉದ್ದಕ್ಕೆ ಒಂದು ಅಂಚು ಕಡೆದಿದೆ. ಬಂಡೆಯ ಮೇಲೆ ಹರಿದ ನೀರು ಒಳಗೆ ಇಳಿಯದೆ ಅಲ್ಲೇ ತೊಟ್ಟಿಕ್ಕುತ್ತದೆ. ಬಾವಾ ಅವರ ಮಾಡಿಗೆ ಇದಕ್ಕಿಂತ ಹಳೆಯ ಹಿರಿಯರನ್ನು ಆ ದ್ವೀಪದಲ್ಲಿ ಹುಡುಕಬೇಕಿಲ್ಲ. ವ್ಯತ್ಯಾಸವಿರುವುದು ಒಡೆತನದಲ್ಲಿ. ರಜಾಮನೆ ವರ್ಷದ ಹೆಚ್ಚು ದಿನ ಖಾಲಿಯಿದ್ದರೂ ಒಬ್ಬರದೇ. ಗುಹೆಯ ಅಂಚಿನ ಕೆಳಗೆ ಕ್ರಿಸ್ತಪೂರ್ವದ ಬ್ರಾಹ್ಮೀ ಅಕ್ಷರಗಳಲ್ಲಿ ದಾನಿಯ ಹೆಸರಿದೆ, ಪಡೆದವರು ಯಾರೆಂದೂ ಇದೆ: ನಾಲ್ಕು ದಿಕ್ಕಿನ ಸಂಘ, ಬಂದವರು ಮತ್ತು ಇನ್ನೂ ಬಾರದವರು.