ಮಗು ಯಾವ ಭಾಷೆಯಲ್ಲಿ ಎಣಿಸುತ್ತದೆ?

ಓದಿನಲ್ಲಿ ಹಿಂದೆ ಬಿದ್ದ ಮಗುವನ್ನು ‘ಟೆಸ್ಟಿಂಗ್’ಗೆ ಕರೆದೊಯ್ಯಿರಿ ಎಂದು ಶಾಲೆಯವರು ಹೇಳುವುದು ಬಸವನಗುಡಿ, ಮಲ್ಲೇಶ್ವರದ ಮನೆಗಳಿಗೆ ಈಗ ಹೊಸತಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಕಲಿಕಾ ನ್ಯೂನತೆಯನ್ನೂ ಒಳಗೊಂಡ ಮೇಲೆ ಆ ಟೆಸ್ಟಿಂಗ್‌ನಲ್ಲಿ ಸಿಗುವ ಐಕ್ಯೂ ಅಂಕೆಯ ತೂಕ ಇನ್ನೂ ಹೆಚ್ಚಿದೆ. ಆ ಅಂಕೆಗಾಗಿ ನಮ್ಮಲ್ಲಿ ಬಹುಕಾಲದಿಂದ ನೆಚ್ಚಿಕೊಂಡು ಬಂದದ್ದು ಬಿನೆ-ಕಾಮತ್ ಪರೀಕ್ಷೆ. ಧಾರವಾಡದಲ್ಲಿ ಕೆಲಸ ಮಾಡಿದ ವಿ.ವಿ. ಕಾಮತರು ಸ್ಟ್ಯಾನ್‌ಫರ್ಡ್-ಬಿನೆ ಬುದ್ಧಿಪರೀಕ್ಷೆಯನ್ನು ಬರೀ ಅನುವಾದಿಸಿ ಕೈತೊಳೆದುಕೊಳ್ಳಲಿಲ್ಲ; ಕನ್ನಡ, ಮರಾಠಿ ಮಕ್ಕಳ ಮೇಲೆ ನಡೆಸಿ ಇಲ್ಲಿಯ ಅಳತೆಗೆ ತಂದರು. ಅವರ ಪುಸ್ತಕ 1940ರಲ್ಲಿ ಬಂತು.

ಅದರಲ್ಲಿ ಅಂಕಿಗಳನ್ನು ಕೇಳಿಸಿಕೊಂಡು ತಿರುಗಿ ಹೇಳುವ ಪ್ರಶ್ನೆಗಳಿವೆ. ಎರಡು, ಒಂಬತ್ತು, ನಾಲ್ಕು, ಏಳು. ಇದನ್ನೇ ಟೂ, ನೈನ್, ಫೋರ್, ಸೆವೆನ್ ಎಂದು ಹೇಳಿ ನೋಡಿ. ಒಂದರಿಂದ ಒಂಬತ್ತರವರೆಗೆ ಇಂಗ್ಲಿಷಿನಲ್ಲಿ ಸೆವೆನ್ ಬಿಟ್ಟರೆ ಎಲ್ಲವೂ ಒಂದೇ ಉಚ್ಚಾರಾಂಶದ ಪದಗಳು. ಕನ್ನಡದಲ್ಲಿ ಅಂಥದ್ದು ಒಂದೂ ಇಲ್ಲ. ವೇಲ್ಸ್‌ನ ದ್ವಿಭಾಷಿಕರನ್ನು ಪರೀಕ್ಷಿಸಿದ ಎಲ್ಲಿಸ್ ಮತ್ತು ಹೆನೆಲಿ 1980ರಲ್ಲಿ ತೋರಿಸಿದ್ದು ಇದನ್ನೇ: ವೆಲ್ಷ್ ಅಂಕಿಗಳನ್ನು ಉಚ್ಚರಿಸಲು ಹೆಚ್ಚು ಹೊತ್ತು ಬೇಕಾದ್ದರಿಂದ ಆ ಭಾಷೆಯಲ್ಲಿ ನೆನಪಿನಲ್ಲಿ ಉಳಿಯುವ ಅಂಕಿಗಳೂ ಕಡಿಮೆ. ಬುದ್ಧಿಗೆ ಅದರಲ್ಲಿ ಪಾಲಿಲ್ಲ.

ಚಾಮರಾಜಪೇಟೆಯ ಮಗುವಿಗೆ ಮನೆಯಲ್ಲಿ ಕನ್ನಡ, ಬೀದಿಯಲ್ಲಿ ತಮಿಳು ಅಥವಾ ಉರ್ದು, ಲೆಕ್ಕ ಮಾತ್ರ ಇಂಗ್ಲಿಷಿನಲ್ಲಿ. ಕನ್ನಡದಲ್ಲಿ ಅಂಕಿ ಹೇಳಿದರೆ ಮಗು ಅದನ್ನು ಮೊದಲು ಇಂಗ್ಲಿಷಿಗೆ ತಿರುಗಿಸಿಕೊಳ್ಳಬೇಕು. ಹದಿನೈದು ದಿನ ಬಿಟ್ಟು ಮತ್ತೆ ಕೇಳಿ: ಅಷ್ಟೇ ತಡವರಿಕೆ, ಹೆಚ್ಚುಕಡಿಮೆ ಅಷ್ಟೇ ಅಂಕ. ವಿಶ್ವಸನೀಯತೆ ಎಂದರೆ ಈ ಸ್ಥಿರತೆ. ಅಳೆಯಹೊರಟದ್ದನ್ನೇ ಅಳೆದಿದ್ದೇವೆಯೇ ಎಂಬುದು ಸಪ್ರಮಾಣತೆಯ ಪ್ರಶ್ನೆ. ಅದಕ್ಕೆ ಈ ಸ್ಥಿರತೆ ಉತ್ತರ ಕೊಡದು. ತಪ್ಪೂ ಸ್ಥಿರವಾಗಿರಬಲ್ಲದು.

ಹಾಗೆಂದು ವಿಶ್ವಸನೀಯತೆಯನ್ನು ಹಗುರ ಮಾಡುತ್ತಿಲ್ಲ. ಅಳತೆಯ ತಪ್ಪುಗಳು ನಿಜವಾದ ಸಂಬಂಧಗಳನ್ನೂ ಮಂಕಾಗಿಸುತ್ತವೆ ಎಂದು ಮನಶ್ಶಾಸ್ತ್ರಜ್ಞ ಸ್ಪಿಯರ್‌ಮನ್ 1904ರಲ್ಲೇ ಲೆಕ್ಕ ಹಾಕಿ ತೋರಿಸಿದ್ದರು. ಅವರ ಶಿಷ್ಯ ಎಂ.ವಿ. ಗೋಪಾಲಸ್ವಾಮಿ 1924ರಲ್ಲಿ ಮೈಸೂರಿನಲ್ಲಿ ಮನಶ್ಶಾಸ್ತ್ರ ವಿಭಾಗ ಕಟ್ಟಿದರು. ಆ ಶಿಸ್ತು ನಮಗೆ ಬಂದು ನೂರು ವರ್ಷವಾಗಿದೆ. ನನ್ನ ತಕರಾರು ಬೇರೆ. ಸ್ಥಿರತೆಯನ್ನು ಕೆಲವೇ ವಾರಗಳಲ್ಲಿ ಪರೀಕ್ಷಿಸಬಹುದು. ಸಪ್ರಮಾಣತೆಗೆ ಮಗುವಿನ ಜೊತೆ ವರ್ಷಗಟ್ಟಲೆ ಹೋಗಬೇಕು, ಮಕ್ಕಳು ಬದಲಾದಂತೆ ಹೋಲಿಕೆಯ ಮಾನಕಗಳನ್ನು ಹೊಸದಾಗಿ ಕಟ್ಟಬೇಕು. ಸುಲಭವಾದದ್ದನ್ನು ಮಾಡಿ, ಕಷ್ಟದ್ದೂ ಆಯಿತೆಂದು ನಡೆದುಕೊಳ್ಳುವುದು ಅನ್ಯಾಯ. ಕಾಮತರು ಕನ್ನಡದ ಮಕ್ಕಳಿಂದ ಪಡೆದ ಮಾನಕದ ಎದುರು ಇಂಗ್ಲಿಷಿನಲ್ಲಿ ಎಣಿಸುವ ಇಂದಿನ ಮಗುವನ್ನು ನಿಲ್ಲಿಸುವುದು ಅವರ ಕೆಲಸಕ್ಕೂ ಮಾಡುವ ಅನ್ಯಾಯ.

ಕುಂದಿಲ್ಲದ ಪರೀಕ್ಷೆ ಬರುವ ತನಕ ಮಗು ಕಾಯಬೇಕೇ ಎಂದು ಕೇಳುವವರಿದ್ದಾರೆ. ಖಂಡಿತ ಬೇಡ, ಎಸ್‌ಎಸ್‌ಎಲ್‌ಸಿ ಯಾರಿಗೂ ಕಾಯುವುದಿಲ್ಲ. ಕಲಿಕಾ ನ್ಯೂನತೆಯ ಮಗುವಿಗೆ ಪರೀಕ್ಷೆಯಲ್ಲಿ ರಿಯಾಯಿತಿ ಸಿಗಲಿ. ಆದರೆ ವರದಿಯಲ್ಲಿ ಅಂಕೆಯ ಪಕ್ಕದಲ್ಲೇ ಮೂರು ಸಂಗತಿ ಬರೆದಿರಲಿ: ಪ್ರಶ್ನೆ ಕೇಳಿದ್ದು ಯಾವ ಭಾಷೆಯಲ್ಲಿ, ಹೋಲಿಸಿದ್ದು ಯಾವ ಕಾಲದ ಯಾವ ಮಕ್ಕಳೊಂದಿಗೆ, ಈ ಅಂಕೆಯಿಂದ ಯಾವ ತೀರ್ಮಾನ ಮಾಡಕೂಡದು. ತಂದೆತಾಯಿ ಇದನ್ನು ಕೇಳಿ ಪಡೆಯಬೇಕು.